ಹಿಪ್ಪೋಥೆರಪಿಗೆ ಹೊರಟಿದ್ದೀರಾ? ಮಗುವನ್ನು ಕುದುರೆ ಹತ್ತಿಸುವ ಮೊದಲು ಇಷ್ಟು ನೋಡಿಕೊಳ್ಳಿ

ನಮ್ಮ ಮನೆ ತಮಿಳುನಾಡಿನ ಗಡಿಯ ಹೊಸೂರಿನಲ್ಲಿ. ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು, ಆಫೀಸಿನ ಅರ್ಜಿಯಲ್ಲಿ ತಮಿಳು. ನನ್ನ ತಂಗಿಯ ಮಗನಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮಿದುಳಿನ ಪೆಟ್ಟಿನಿಂದ ಮೈಯ ಚಲನೆ ಹಿಡಿತಕ್ಕೆ ಸಿಗದ ತೊಂದರೆ. ಇಲ್ಲಿ ಅವನನ್ನು ಪುಟ್ಟ ಅಂತ ಕರೆಯೋಣ. ಅವನಿಗೆ ಐದು ತುಂಬಿದ ವರ್ಷ ಯಾರೋ ಹೇಳಿದರು, ಕುದುರೆ ಮೇಲೆ ಕೂರಿಸಿದರೆ ಬಿಗಿದ ಕಾಲು ಸಡಿಲ ಆಗುತ್ತದಂತೆ ಅಂತ. ನಾವು ಮಾಡಿದ್ದೇನು ಗೊತ್ತಾ? ಮದುವೆ ಮೆರವಣಿಗೆಗೆ ಬಾಡಿಗೆಗೆ ಹೋಗುವ ಕುದುರೆಯೊಂದನ್ನು ಹಿಡಿದು, ಅದರವನ ಕೈಗೆ ದುಡ್ಡು ಕೊಟ್ಟು, ಮಗುವನ್ನು ಎತ್ತಿ ಮೇಲೆ ಕೂರಿಸಿಬಿಟ್ಟೆವು.

ಕುದುರೆಯವನಿಗೆ ಖುಷಿ. ಮಗುವಿಗೆ ಮಜಾ ಬರಲಿ ಅಂತ ಕುದುರೆಯನ್ನು ಕುಕ್ಕುಲೋಟದಲ್ಲಿ ಓಡಿಸಿದ. ಪುಟ್ಟ ಕಿರುಚಿದ. ಬೆನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿತು, ಎರಡೂ ಕಾಲು ಕತ್ತರಿಯಂತೆ ಬಿಗಿದುಕೊಂಡವು. ಕೆಳಗೆ ಇಳಿಸಿದ ಮೇಲೂ ರಾತ್ರಿವರೆಗೆ ಸಡಿಲ ಆಗಲಿಲ್ಲ. ಡಯಾಪರ್ ಬದಲಾಯಿಸಲು ತಂಗಿ ಮತ್ತು ನಾನು ಇಬ್ಬರೂ ಬೇಕಾಯಿತು. ಅವತ್ತು ನಮ್ಮಮ್ಮ ಬೈದದ್ದು ಬೈದದ್ದೇ. "ನಿಂಗೆ ಬುದ್ಧಿ ಇದೆಯೇನೋ? ಮಗೂನ ದಿಬ್ಬಣಕ್ಕೆ ಕಳಿಸ್ತಾ ಇದ್ದೀಯಾ?"

ಆಮೇಲೆ ಸರಿಯಾದ ದಾರಿ ಗೊತ್ತಾಯಿತು. ಅದೇ ಹಿಪ್ಪೋಥೆರಪಿ, ಅಂದರೆ ಕುದುರೆಯ ನಡಿಗೆಯನ್ನೇ ಬಳಸಿ ಥೆರಪಿಸ್ಟ್ ಕೊಡುವ ಚಿಕಿತ್ಸೆ. ವಾರಕ್ಕೊಮ್ಮೆ ಕರೆದುಕೊಂಡು ಹೋದೆವು. ಕುದುರೆಯ ಪಕ್ಕದಲ್ಲಿ ಮಗುವಿನ ತೊಡೆ ಹಿಡಿದು ನಾನೇ ಎಷ್ಟೋ ಸಲ ನಡೆದಿದ್ದೇನೆ. ಕಲಿತದ್ದನ್ನೆಲ್ಲ ಬರೆದಿದ್ದೇನೆ. ನೀವು ನಮ್ಮ ಹಾಗೆ ಶುರು ಮಾಡಬೇಡಿ.

ಮೊದಲು ಇದೇನು ಅಂತ ತಿಳಿಯಿರಿ

ಎರಡೂ ಕೈಯನ್ನು ನಿಮ್ಮ ಸೊಂಟದ ಮೂಳೆಯ ಮೇಲೆ ಇಟ್ಟುಕೊಂಡು ವರಾಂಡದಲ್ಲಿ ಹತ್ತು ಹೆಜ್ಜೆ ನಡೆಯಿರಿ. ಸೊಂಟ ಸುಮ್ನೆ ಇರುವುದಿಲ್ಲ. ಒಂದು ಪಕ್ಕ ಮೇಲೇಳುತ್ತದೆ, ಇನ್ನೊಂದು ಪಕ್ಕ ಇಳಿಯುತ್ತದೆ, ಸ್ವಲ್ಪ ತಿರುಗುತ್ತದೆ, ಹಿಂದೆ ಮುಂದೆ ವಾಲುತ್ತದೆ. ನಡೆಯುವ ಮಗುವಿನ ಮಿದುಳಿಗೆ ಈ ಪಾಠ ಪ್ರತಿ ಹೆಜ್ಜೆಗೂ ಸಿಗುತ್ತಾ ಇರುತ್ತದೆ. ನಡೆಯಲಾಗದ ಮಗುವಿಗೆ ಅದು ಸಿಗುವುದೇ ಇಲ್ಲ.

ಕುದುರೆ ನಿಧಾನವಾಗಿ ನಡೆಯುವಾಗ ಅದರ ಬೆನ್ನು ಹೆಚ್ಚುಕಮ್ಮಿ ಇದೇ ರೀತಿ ಅಲುಗುತ್ತದೆ. ಮೇಲೆ ಕೂತವರ ಸೊಂಟಕ್ಕೂ ಅದೇ ಅಲುಗಾಟ ದಾಟುತ್ತದೆ. ನಿಮಿಷಕ್ಕೆ ಸರಿಸುಮಾರು ನೂರು ಹೆಜ್ಜೆ ಅಂದುಕೊಳ್ಳಿ. ಇಪ್ಪತ್ತು ನಿಮಿಷಕ್ಕೆ ಎರಡು ಸಾವಿರ ಸಲ ಮಗುವಿನ ಸೊಂಟ ಒಂದೇ ಲಯದಲ್ಲಿ ಆಡುತ್ತದೆ. ಪ್ರತಿ ಸಲವೂ ಬೆನ್ನು, ಹೊಟ್ಟೆಯ ಸ್ನಾಯುಗಳು ಮೈಯನ್ನು ನಡುವಿಗೆ ತಂದು ನಿಲ್ಲಿಸಬೇಕು. ಚಾಪೆಯ ಮೇಲೆ ಕೂರಿಸಿ ಯಾವ ಫಿಸಿಯೋಥೆರಪಿಸ್ಟ್‌ಗೆ ಎರಡು ಸಾವಿರ ಸಲ ಅಲುಗಿಸಲು ಆಗುತ್ತದೆ ಹೇಳಿ? ಮೇಲಾಗಿ ಕುದುರೆಯ ಮೈ ಸುಮಾರು 38 ಡಿಗ್ರಿ, ನಮ್ಮದಕ್ಕಿಂತ ಒಂದು ಡಿಗ್ರಿ ಜಾಸ್ತಿ ಬಿಸಿ. ತೆಳು ಪ್ಯಾಡ್ ಮೇಲೆ ಕೂತ ಮಗುವಿನ ತೊಡೆಯ ಒಳಗಿನ ಬಿಗಿ ಸ್ನಾಯುಗಳಿಗೆ ಆ ಬಿಸಿ ತಾಗುತ್ತದೆ.

ಇಲ್ಲಿ ಮದ್ದು ಕುದುರೆಯ ನಡಿಗೆ. ಕುದುರೆ ಓಡಿದರೆ ಈ ಮದ್ದು ಕೆಟ್ಟಿತು. ನಡಿಗೆಯಲ್ಲಿ ನಾಲ್ಕು ಗೊರಸೂ ಬೇರೆ ಬೇರೆಯಾಗಿ ನೆಲ ಮುಟ್ಟುತ್ತವೆ. ಕುಕ್ಕುಲೋಟದಲ್ಲಿ ಎರಡೆರಡು ಕಾಲು ಜೋಡಿಯಾಗಿ ಬಿದ್ದು ಬೆನ್ನು ಕುಪ್ಪಳಿಸುತ್ತದೆ. ಸ್ನಾಯು ಬಿಗಿ ಇರುವ ಮಗು ಆ ಏಟಿಗೆ ಇನ್ನೂ ಬಿಗಿಯುತ್ತದೆ. ನಮ್ಮ ಪುಟ್ಟನಿಗೆ ಆದದ್ದು ಇದೇ.

ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬ ಹೆಂಗಸಿಗೆ 1944ರಲ್ಲಿ ಪೋಲಿಯೋ ಬಂದು ಮೊಣಕಾಲ ಕೆಳಗೆ ಶಕ್ತಿ ಹೋಯಿತು. ಕುದುರೆ ಹತ್ತಲು, ಇಳಿಯಲು ಬೇರೆಯವರು ಹಿಡಿಯಬೇಕಿತ್ತು. ಆದರೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್ ಎಂಬ ಕುದುರೆ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದರು. ಯುರೋಪಿನಲ್ಲಿ ಕುದುರೆಯ ಮೂಲಕ ಚಿಕಿತ್ಸೆ ಕೊಡುವ ಯೋಚನೆ ಜೋರಾದದ್ದು ಆಮೇಲೆ. ಅವರದ್ದು ಪೋಲಿಯೋ, ನಮ್ಮದು ಸೆರೆಬ್ರಲ್ ಪಾಲ್ಸಿ. ಎರಡೂ ಬೇರೆ. ಈ ಕತೆ ಕೇಳಿ "ನಮ್ಮ ಮಗುವೂ ಎದ್ದು ಓಡುತ್ತದೆ" ಅಂತ ಲೆಕ್ಕ ಹಾಕಬೇಡಿ.

ಸೆರೆಬ್ರಲ್ ಪಾಲ್ಸಿಯಲ್ಲಿ ಬೆಳೆಯುತ್ತಿರುವ ಮಿದುಳಿಗೆ ಪೆಟ್ಟಾಗಿರುತ್ತದೆ. ಹೊಟ್ಟೆಯಲ್ಲಿದ್ದಾಗಲೋ, ಹೆರಿಗೆ ಹೊತ್ತಿಗೋ, ಹುಟ್ಟಿದ ಸ್ವಲ್ಪ ಕಾಲಕ್ಕೋ. ಆ ಪೆಟ್ಟು ದೊಡ್ಡದಾಗುವುದಿಲ್ಲ, ಆದರೆ ಅಳಿಸಿಹೋಗುವುದೂ ಇಲ್ಲ. ಕುದುರೆ ಅದನ್ನು ವಾಸಿ ಮಾಡುವುದಿಲ್ಲ. ಕೂರುವ ಸಮತೋಲ, ಬೆನ್ನಿನ ಹಿಡಿತ, ತೊಡೆಯ ಬಿಗಿ, ಇವುಗಳಲ್ಲಿ ಒಂದಿಷ್ಟು ಸಹಾಯ ಆಗಬಹುದು. ಅಧ್ಯಯನಗಳು ಹೇಳುವುದೂ ಅಷ್ಟೇ. ಅವುಗಳಲ್ಲಿ ಬಹಳಷ್ಟು ಚಿಕ್ಕ ಚಿಕ್ಕ ಗುಂಪಿನ ಮೇಲೆ ಮಾಡಿದವು, ಎಲ್ಲದರ ಫಲವೂ ಒಂದೇ ರೀತಿ ಇಲ್ಲ.

ಹೆಜ್ಜೆ ಒಂದು: ಕುದುರೆಗೆ ಮುಂಚೆ ಎಕ್ಸ್‌ರೇ

ಇದನ್ನು ಯಾರೂ ಬಿಡಬೇಡಿ. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ, ಅದರಲ್ಲೂ ನಡೆಯದ ಮಕ್ಕಳಲ್ಲಿ, ತೊಡೆಮೂಳೆಯ ಗುಂಡು ಸೊಂಟದ ಬಟ್ಟಲಿನಿಂದ ನಿಧಾನಕ್ಕೆ ಜಾರುತ್ತಾ ಹೋಗಬಹುದು. ಶುರುವಿನಲ್ಲಿ ನೋವೇ ಇರದೆ ಇರಬಹುದು. ಹಾಗೆ ಜಾರಿದ ಸೊಂಟವನ್ನು ಕುದುರೆಯ ಅಗಲ ಬೆನ್ನಿನ ಮೇಲೆ ಹಿಗ್ಗಿಸಿ ಕೂರಿಸಿದರೆ ಏನಾಗಬಹುದು ಯೋಚಿಸಿ. ಹಾಗಾಗಿ ಇತ್ತೀಚಿನ ಸೊಂಟದ ಎಕ್ಸ್‌ರೇ ಇಟ್ಟುಕೊಂಡು ಮೂಳೆ ಡಾಕ್ಟರ ಹತ್ತಿರ ಹೋಗಿ "ಕಾಲು ಅಗಲಿಸಿ ಕೂರಿಸಬಹುದಾ?" ಅಂತ ನೇರವಾಗಿ ಕೇಳಿ. ಚೀಟಿಯಲ್ಲಿ ಬರೆಸಿಕೊಳ್ಳಿ.

ಇನ್ನೂ ಕೆಲವು ಪ್ರಶ್ನೆ ಇವೆ. ಫಿಟ್ಸ್ ಹತೋಟಿಯಲ್ಲಿ ಇದೆಯಾ? ಇಲ್ಲದಿದ್ದರೆ ಸದ್ಯಕ್ಕೆ ಕುದುರೆ ಬೇಡ. ಬೆನ್ನೆಲುಬು ಜಾಸ್ತಿ ಡೊಂಕಾಗಿದೆಯಾ? ಎಂದೂ ನಿಂತಿರದ, ವರ್ಷಗಟ್ಟಲೆ ಫಿಟ್ಸ್ ಮಾತ್ರೆ ನುಂಗಿದ ಮಕ್ಕಳ ಮೂಳೆ ತೆಳುವಾಗಿರಬಹುದು, ಅದನ್ನೂ ಕೇಳಿ. ಆಪರೇಷನ್ ಅಥವಾ ಸ್ನಾಯು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಆಗಿ ಸ್ವಲ್ಪ ದಿನ ಆಗಿದ್ದರೆ ಎಷ್ಟು ಕಾಯಬೇಕು ಅಂತ ಅದನ್ನು ಮಾಡಿದ ಡಾಕ್ಟರೇ ಹೇಳಬೇಕು. ತಲೆಯಲ್ಲಿ ಶಂಟ್ (ನೀರು ಇಳಿಸುವ ಕೊಳವೆ), ಹೊಟ್ಟೆಗೆ ಊಟದ ಟ್ಯೂಬ್ ಇದ್ದರೂ ಮುಚ್ಚಿಡಬೇಡಿ. ಕೂರುವ ಜಾಗದಲ್ಲಿ ಹುಣ್ಣಿದ್ದರೆ ವಾಸಿ ಆಗುವ ತನಕ ಇಲ್ಲ. ಉಬ್ಬಸ ಇರುವ ಮಗು ಕುದುರೆ ಕೂದಲು, ಹುಲ್ಲಿನ ಧೂಳಿಗೆ ಕೆರಳುತ್ತದೆಯೇ ಅಂತ ಮೊದಲೇ ಲಾಯದ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿಸಿ ನೋಡಿ. ಜೊತೆಗೆ ಡೌನ್ ಸಿಂಡ್ರೋಮ್ ಇದ್ದರೆ ಕತ್ತಿನ ಪರೀಕ್ಷೆ ಆಗಲೇಬೇಕು.

ಟೆಟನಸ್ ಲಸಿಕೆ ಸರಿಯಾಗಿ ಆಗಿದೆಯೇ ನೋಡಿ. ಲದ್ದಿ ಇರುವ ಜಾಗ ಅದು.

ಸಾಮಾನ್ಯವಾಗಿ ಎರಡು ಮೂರು ವರ್ಷ ದಾಟಿದ, ತಲೆ ಸ್ವಲ್ಪವಾದರೂ ನಿಲ್ಲಿಸುವ ಮಕ್ಕಳನ್ನು ತೆಗೆದುಕೊಳ್ಳುತ್ತಾರೆ. ದೊಡ್ಡವರಿಗೂ ಮಾಡುತ್ತಾರೆ, ಆದರೆ ತೂಕ ಜಾಸ್ತಿ ಆದಷ್ಟೂ ಹತ್ತಿಸಿ ಇಳಿಸುವುದು ಕಷ್ಟ, ಕುದುರೆಗೂ ಕಷ್ಟ.

ಹೆಜ್ಜೆ ಎರಡು: ಮಗುವನ್ನು ಬಿಟ್ಟು ನೀವೊಬ್ಬರೇ ಹೋಗಿ ನೋಡಿ

ಹೊಸೂರಿಗೂ ಕುದುರೆಗೂ ನಂಟು ಹಳೆಯದು. ನಮ್ಮ ಮತ್ತಿಗಿರಿಯ ಜಾನುವಾರು ಫಾರಂ 1824ರಲ್ಲಿ ಶುರುವಾದದ್ದೇ ಸೈನ್ಯಕ್ಕೆ ಕುದುರೆ ಸಾಕಿ ಪಳಗಿಸಲು. ಆದರೆ ಇವತ್ತು ಹಿಪ್ಪೋಥೆರಪಿ ಬೇಕು ಅಂದರೆ ನಾವು ಗಡಿಯ ಜೂಜುವಾಡಿ ದಾಟಿ ಬೆಂಗಳೂರಿನ ಕಡೆ ಮುಖ ಮಾಡಬೇಕು. ಬೇರಿಕೆ, ಕೆಲಮಂಗಲ ಕಡೆಯವರಿಗೆ ಇನ್ನೂ ದೂರ. ಅಷ್ಟು ದೂರ ಮಗುವನ್ನು ಹೊತ್ತುಕೊಂಡು ಹೋಗಿ ವಾಪಸ್ ಬರುವುದಕ್ಕಿಂತ ಒಂದು ದಿನ ಒಬ್ಬರೇ ಹೋಗಿ ನೋಡುವುದು ಮೇಲು.

ಮೊದಲ ಪ್ರಶ್ನೆ: ಚಿಕಿತ್ಸೆ ಕೊಡುವವರು ಯಾರು? ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸ ರೂಢಿ ಮಾಡಿಸುವ ಚಿಕಿತ್ಸೆ) ಅಥವಾ ಮಾತಿನ ಥೆರಪಿ ಓದಿದವರು ಇರಬೇಕು, ಅವರು ಪ್ರತಿ ಸಲವೂ ಮೈದಾನದಲ್ಲಿ ನಿಂತಿರಬೇಕು. ಕುದುರೆ ಸವಾರಿ ಕಲಿಸುವ ಕೋಚ್ ಎಷ್ಟೇ ಒಳ್ಳೆಯವರಾದರೂ ಅದು ಬೇರೆ ಕೆಲಸ. ಅಂಗವಿಕಲ ಮಕ್ಕಳಿಗೆ ಸವಾರಿ ಕಲಿಸುವುದನ್ನು ಥೆರಪ್ಯೂಟಿಕ್ ರೈಡಿಂಗ್ ಅನ್ನುತ್ತಾರೆ. ಅದೂ ಒಳ್ಳೆಯದೇ. ಆದರೆ ಅಲ್ಲಿ ಮಗು ಕುದುರೆಯನ್ನು ನಡೆಸಲು ಕಲಿಯುತ್ತದೆ. ಹಿಪ್ಪೋಥೆರಪಿಯಲ್ಲಿ ಮಗುವಿನ ಕೈಯಲ್ಲಿ ಲಗಾಮು ಇರಬೇಕಾಗಿಲ್ಲ.

ಎರಡನೆಯದು: ಒಂದು ಮಗುವಿಗೆ ಎಷ್ಟು ಜನ? ಕುದುರೆಯನ್ನು ಮುಂದೆ ಹಿಡಿದು ನಡೆಸಲು ಒಬ್ಬರು, ಎಡಕ್ಕೊಬ್ಬರು ಬಲಕ್ಕೊಬ್ಬರು, ಜೊತೆಗೆ ಥೆರಪಿಸ್ಟ್. ಕೆಲವೊಮ್ಮೆ ಪಕ್ಕದಲ್ಲಿ ನಡೆಯುವ ಇಬ್ಬರಲ್ಲಿ ಒಬ್ಬರು ಥೆರಪಿಸ್ಟೇ ಆಗಿರುತ್ತಾರೆ. ಅದಕ್ಕಿಂತ ಕಡಿಮೆ ಜನ ಇದ್ದರೆ ನಾನಂತೂ ಒಪ್ಪುವುದಿಲ್ಲ.

ಮೂರನೆಯದನ್ನು ಕೇಳಬೇಕಾಗಿಲ್ಲ, ಕಣ್ಣಿಗೇ ಕಾಣುತ್ತದೆ. ಹತ್ತಿಸಲು ಇಳಿಜಾರು ಕಟ್ಟೆ ಇದೆಯಾ, ಇಲ್ಲ ಮಗುವನ್ನು ಮೂಟೆ ಹಾಗೆ ಎತ್ತಿ ಹಾಕುತ್ತಾರಾ? ಮಗುವಿನ ಅಳತೆಯ ಹೆಲ್ಮೆಟ್ ಇದೆಯಾ? ಮೈದಾನಕ್ಕೆ ಬೇಲಿ, ಗೇಟು ಇದೆಯಾ? ನಾಯಿಗಳು ನುಗ್ಗುತ್ತವೆಯಾ? ಯಾರಾದರೂ ಮಗುವನ್ನು ಜೀನಿಗೆ ಬೆಲ್ಟ್ ಹಾಕಿ ಕಟ್ಟಿದ್ದು ಕಂಡರೆ ಅಲ್ಲಿಂದ ಸೀದಾ ವಾಪಸ್ ಬನ್ನಿ. ಕುದುರೆ ಬೆದರಿದರೆ ಮಗುವನ್ನು ಎತ್ತಿಕೊಂಡು ದೂರ ಸರಿಯಬೇಕು. ಕಟ್ಟಿದ ಮಗು ಕುದುರೆಯ ಜೊತೆಗೇ ಹೋಗುತ್ತದೆ.

ಒಂದು ಕಡೆ ನಮಗೆ "ಮೂರು ತಿಂಗಳ ಪ್ಯಾಕೇಜ್, ನಡೆಸಿಯೇ ಕಳಿಸುತ್ತೇವೆ" ಅಂದರು. ಪೂರ್ತಿ ಹಣ ಮುಂಗಡ. ತಂಗಿಯ ಕಣ್ಣಲ್ಲಿ ಆಸೆ ಕಂಡು ನಾನೂ ಪರ್ಸ್ ತೆಗೆದಿದ್ದೆ. ಎಕ್ಸ್‌ರೇ ಬೇಕಾ ಅಂತ ಕೇಳಿದ್ದಕ್ಕೆ "ಅದೆಲ್ಲ ಯಾಕೆ ಸಾರ್?" ಅಂದರು. ಪರ್ಸ್ ಒಳಗೆ ಹೋಯಿತು.

ಹೆಜ್ಜೆ ಮೂರು: ಕುದುರೆಯನ್ನೂ ಇಂಟರ್‌ವ್ಯೂ ಮಾಡಿ

ಗಟ್ಟಿ ನೆಲದ ಮೇಲೆ ಕುದುರೆ ನಡೆಸಲು ಹೇಳಿ, ಕಣ್ಣು ಮುಚ್ಚಿ ಕೇಳಿ. ಟಕ್, ಟಕ್, ಟಕ್, ಟಕ್. ನಾಲ್ಕೂ ಸಮವಾಗಿ ಬೀಳಬೇಕು. ಒಂದು ಸದ್ದು ತಡವಾದರೆ, ಹೆಜ್ಜೆಗೊಮ್ಮೆ ತಲೆ ಮೇಲಕ್ಕೆ ಎತ್ತಿ ಹಾಕಿದರೆ ಕುದುರೆ ಕುಂಟುತ್ತಿದೆ ಅಂತ ಅರ್ಥ. ಕುಂಟುವ ಕುದುರೆ ಮಗುವಿನ ಸೊಂಟಕ್ಕೆ ಕುಂಟು ಲಯವನ್ನೇ ಕಲಿಸುತ್ತದೆ. ಇದನ್ನು ನನಗೆ ಹೇಳಿಕೊಟ್ಟದ್ದು ಲಾಯ ನೋಡಿಕೊಳ್ಳುವ ಒಬ್ಬ ಹಿರಿಯ ಭಾಯಿ.

ಬೆನ್ನು ಎಷ್ಟು ಅಗಲ ನೋಡಿ. ತೊಡೆ ಬಿಗಿ ಇರುವ ಮಗುವಿಗೆ ಡೊಳ್ಳುಹೊಟ್ಟೆಯ ಕುದುರೆ ಆಗುವುದಿಲ್ಲ, ಕಿರಿದು ಬೆನ್ನಿನದು ಬೇಕು. ತೂಕದ ಲೆಕ್ಕವೂ ಇದೆ. ಕುದುರೆ ತನ್ನ ತೂಕದ ಐದರಲ್ಲಿ ಒಂದು ಪಾಲಿಗಿಂತ ಜಾಸ್ತಿ ಹೊರಬಾರದು ಅನ್ನುವುದು ರೂಢಿ. 250 ಕಿಲೋ ತೂಗುವ ತಟ್ಟುಕುದುರೆಗೆ ಪ್ಯಾಡ್, ಪಟ್ಟಿ ಎಲ್ಲ ಸೇರಿ 50 ಕಿಲೋ. ಅಷ್ಟೇ.

ಕಿವಿ ನೋಡಿ. ಹಿಂದಕ್ಕೆ ಒತ್ತಿ ಮಡಚಿಕೊಂಡಿದ್ದರೆ ಅದಕ್ಕೆ ಸಿಟ್ಟು ಅಥವಾ ನೋವು. ಬಾಲ ಪಟಪಟ ಬೀಸುತ್ತಿದ್ದರೆ, ನೊಣ ಇಲ್ಲ ಅಂದರೆ, ಅದೂ ಹಾಗೆಯೇ. ದಿನಕ್ಕೆ ಎಷ್ಟು ಮಕ್ಕಳನ್ನು ಹೊರುತ್ತದೆ, ರಜೆ ಯಾವಾಗ ಅಂತ ಕೇಳಲು ನಾಚಿಕೆ ಬೇಡ. ಗ್ಲಾಂಡರ್ಸ್ ಅನ್ನುವ ರೋಗ ಕುದುರೆಯಿಂದ ಮನುಷ್ಯರಿಗೂ ಬರುತ್ತದೆ. ಅಪರೂಪ, ಆದರೆ ಕೆಟ್ಟದ್ದು. ನಮ್ಮ ದೇಶದಲ್ಲಿ ಅದಕ್ಕೆ ರಕ್ತ ಪರೀಕ್ಷೆ ಇದೆ. ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಈ ಕೆಲಸಕ್ಕೆ ಹೆಸರಾದದ್ದು. ಪರೀಕ್ಷೆಯ ಕಾಗದ ತೋರಿಸಿ ಅನ್ನಿ.

ಹೆಜ್ಜೆ ನಾಲ್ಕು: ಮನೆಯಲ್ಲೇ ಎರಡು ವಾರ ತಯಾರಿ

ಹಾಸಿಗೆಯನ್ನು ಗಟ್ಟಿಯಾಗಿ ಸುತ್ತಿ ಹಗ್ಗ ಕಟ್ಟಿ. ಅದರ ಮೇಲೆ ಮಗುವನ್ನು ಎರಡೂ ಕಡೆ ಕಾಲು ಹಾಕಿ ಕೂರಿಸಿ, ಹಿಂದೆ ನೀವು ಕೂರಿ. ಮೊದಲ ದಿನ ಎರಡು ನಿಮಿಷ, ಆಮೇಲೆ ಐದು. ನಿಮ್ಮ ಫಿಸಿಯೋಥೆರಪಿಸ್ಟ್ ತೊಡೆ ಸಡಿಲಿಸಲು ಹೇಳಿಕೊಟ್ಟ ವ್ಯಾಯಾಮ ಇದ್ದರೆ ಅದಾದ ತಕ್ಷಣ ಇದನ್ನು ಮಾಡಿ. ಕಾಲು ಅಗಲಿಸಲು ಬಲವಂತ ಬೇಡ.

ಹೆಲ್ಮೆಟ್ಟಿಗೇ ಅಳುವ ಮಕ್ಕಳು ಬಹಳ. ಒಂದನ್ನು ಮನೆಗೆ ತಂದು ಟಿವಿ ನೋಡುವಾಗ ಹಾಕಿ ತೆಗೆಯಿರಿ. ಕುದುರೆ ಸದ್ದನ್ನು ಫೋನಿನಲ್ಲಿ ಕೇಳಿಸಿ. ಪುಟ್ಟನಿಗೆ ಕೆನೆತ ಕೇಳಿದರೆ ಮೈ ಜುಂ ಅಂತ ಬಿಗಿಯುತ್ತಿತ್ತು. ಹತ್ತು ದಿನದಲ್ಲಿ ಅವನೇ "ಮಾಮ, ಕುದ್ದೆ ಹಾಕು" ಅನ್ನಲು ಶುರು ಮಾಡಿದ.

ಹೊರಡುವ ದಿನ ದಪ್ಪ ಹೊಲಿಗೆ ಇಲ್ಲದ ಉದ್ದ ಹತ್ತಿ ಪ್ಯಾಂಟು ಹಾಕಿ. ಚಡ್ಡಿ ಹಾಕಿದರೆ ತೊಡೆ ಉಜ್ಜಿ ಕೆಂಪಾಗುತ್ತದೆ. ಕಾಲಿಗೆ ಹಾಕುವ ಸ್ಪ್ಲಿಂಟ್ ಬೇಕೋ ಬೇಡವೋ ಥೆರಪಿಸ್ಟ್ ಹೇಳುತ್ತಾರೆ, ಕೈಯಲ್ಲಿ ಇರಲಿ. ಊಟ ಆಗಿ ಒಂದು ಗಂಟೆಯಾದರೂ ಕಳೆದಿರಲಿ. ಫಿಟ್ಸ್ ಮಾತ್ರೆಯ ಹೊತ್ತು ಪ್ರಯಾಣದಲ್ಲಿ ತಪ್ಪಬಾರದು. ಬೆಳಗಿನ ಹೊತ್ತೇ ಸ್ಲಾಟ್ ಕೇಳಿ. ಬಿಸಿಲು ಕಡಿಮೆ, ಮಗುವಿಗೂ ಕುದುರೆಗೂ ಹಿತ.

ಹೆಜ್ಜೆ ಐದು: ಮೈದಾನದಲ್ಲಿ

ಮೊದಲ ದಿನ ಹತ್ತಿಸಲೇಬೇಕು ಅಂತಿಲ್ಲ. ಪುಟ್ಟ ಅವತ್ತು ಕುದುರೆಯ ಹೆಗಲು ಮುಟ್ಟಿ ಬಂದ, ಅಷ್ಟೇ. ಕುದುರೆಗೆ ಮೂಗಿನ ನೇರ ಕೆಳಗೆ, ಬಾಲದ ನೇರ ಹಿಂದೆ ಕಾಣುವುದಿಲ್ಲ. ಅದಕ್ಕೇ ಹೆಗಲ ಕಡೆಯಿಂದ, ಮಾತಾಡುತ್ತಾ ಹೋಗಬೇಕು. ವೀಲ್‌ಚೇರ್ ಇದ್ದರೆ ಅದನ್ನೂ ಕುದುರೆಗೆ ಮೊದಲೇ ತೋರಿಸಿ ಅಭ್ಯಾಸ ಮಾಡಿಸಿರಬೇಕು.

ಹತ್ತಿದ ಮೇಲೆ ಹೀಗೆ ಸಾಗುತ್ತದೆ. ಮೊದಲ ಐದು ನಿಮಿಷ ನೇರ ಗೆರೆಯಲ್ಲಿ ನಿಧಾನ ನಡಿಗೆ. ಯಾರೂ ಏನೂ ಮಾಡಿಸುವುದಿಲ್ಲ. ಮಗುವಿನ ತೊಡೆಯ ಮೇಲೆ ನಿಮ್ಮ ಅಂಗೈ ಇದ್ದರೆ ಅದು ಗೊತ್ತಾಗುತ್ತದೆ. ಶುರುವಿನಲ್ಲಿ ಹಲಗೆಯ ಹಾಗಿದ್ದ ತೊಡೆ ನಾಲ್ಕನೇ ಸುತ್ತಿಗೆ ಹಿಟ್ಟು ನೆನೆದ ಹಾಗೆ ಮೆತ್ತಗಾಗುತ್ತದೆ, ಹಿಮ್ಮಡಿ ಕೆಳಗೆ ಇಳಿಯುತ್ತದೆ. ನನಗೆ ಅದನ್ನು ಮೊದಲ ಸಲ ಮುಟ್ಟಿ ತಿಳಿದಾಗ ತಂಗಿಯನ್ನು ಕೂಗಿ ಕರೆದೆ. ಥೆರಪಿಸ್ಟ್ ಮೇಡಂ "ಕೂಗಬೇಡಿ ಅಣ್ಣ, ಕುದುರೆ ಬೆದರುತ್ತೆ" ಅಂತ ಗದರಿದರು.

ಆಮೇಲೆ ನಿಲ್ಲಿಸುವುದು, ಹೊರಡಿಸುವುದು. ನಿಜವಾದ ಕಸರತ್ತು ಇಲ್ಲೇ. ಕುದುರೆ ನಿಂತ ತಕ್ಷಣ ಮಗುವಿನ ಮೈ ಮುಂದಕ್ಕೆ ವಾಲುತ್ತದೆ, ಅದನ್ನು ತಾನೇ ಹಿಂದಕ್ಕೆ ತರಬೇಕು. ಪಕ್ಕದಲ್ಲಿರುವ ನಮಗೆ ಕೈ ಹಾಕಿ ಎತ್ತಿಬಿಡೋಣ ಅನಿಸುತ್ತದೆ. ತಡೆದುಕೊಳ್ಳಬೇಕು. ಎರಡು ಸೆಕೆಂಡು ಬಿಡಿ, ಬೀಳುವ ಹಾಗೆ ಕಂಡರೆ ಮಾತ್ರ ಹಿಡಿಯಿರಿ. ಇದಾದ ಮೇಲೆ ದೊಡ್ಡ ಸುತ್ತು, ಚಿಕ್ಕ ಸುತ್ತು, ಎಂಟರ ಆಕಾರ. ಕೆಲವೊಮ್ಮೆ ಹಿಂದು ಮುಂದಾಗಿ ಕೂರಿಸಿ ಕುದುರೆಯ ಬೆನ್ನಿನ ಮೇಲೆ ಅಂಗೈ ಊರಿಸುತ್ತಾರೆ, ಹೆಗಲು ತೋಳಿಗೆ ಕೆಲಸ ಸಿಗಲಿ ಅಂತ. ಮಾತು ಬರುವ ಮಗುವಾದರೆ "ಹೋಗು" ಅಂದರೆ ಮಾತ್ರ ಕುದುರೆ ಹೊರಡುತ್ತದೆ. ಪುಟ್ಟನ ಉಸಿರು ಅಷ್ಟು ಉದ್ದ ಹೊರಡುತ್ತದೆ ಅಂತ ನಮಗೆ ಗೊತ್ತೇ ಇರಲಿಲ್ಲ.

ಒಟ್ಟು ಇಪ್ಪತ್ತು ಮೂವತ್ತು ನಿಮಿಷ ಸಾಕು. ಮುಖ ಬಿಳಿಚಿಕೊಂಡರೆ, ತಲೆ ಜೋತುಬಿದ್ದರೆ, ಕಾಲು ಸಡಿಲ ಆಗುವ ಬದಲು ಜಾಸ್ತಿ ಬಿಗಿದರೆ, ಸೊಂಟ ನೋವು ಅಂತ ಅತ್ತರೆ ಅಲ್ಲಿಗೇ ನಿಲ್ಲಿಸಿ. ದುಡ್ಡು ಕೊಟ್ಟಿದ್ದೇವೆ, ಇನ್ನೊಂದು ಸುತ್ತು ಅಂತ ಕೇಳಬೇಡಿ. ತುರ್ತಿನಲ್ಲಿ ಮಗುವನ್ನು ಯಾರು ಎತ್ತಬೇಕು, ಯಾವ ಕಡೆಗೆ ಇಳಿಸಬೇಕು ಅನ್ನುವುದನ್ನು ಒಂದು ಸಲವಾದರೂ ನಿಮ್ಮೆದುರು ಅಭ್ಯಾಸ ಮಾಡಿಸಿ.

ಹೆಜ್ಜೆ ಆರು: ಮನೆಗೆ ಬಂದ ಮೇಲೆ

ಕುದುರೆಯಿಂದ ಬಂದ ಸಡಿಲ ಹೆಚ್ಚು ಹೊತ್ತು ಉಳಿಯುವುದಿಲ್ಲ. ಪುಟ್ಟನಿಗೆ ಸಂಜೆವರೆಗೆ ಇರುತ್ತಿತ್ತು. ಆ ಹೊತ್ತನ್ನು ನಿದ್ದೆಗೆ ಕಳೆದರೆ ಅರ್ಧ ಲಾಭ ಹೋಯಿತು. ಅವನಿಗೆ ಸ್ಟ್ಯಾಂಡಿಂಗ್ ಫ್ರೇಮ್‌ನಲ್ಲಿ ನಿಲ್ಲುವುದು, ಸ್ಟೂಲಿನ ಮೇಲೆ ಕೂತು ತಿನ್ನುವುದು ಎಲ್ಲ ಅವತ್ತೇ ಚೆನ್ನಾಗಿ ಆಗುತ್ತಿತ್ತು. ಮಾಮೂಲಿ ಫಿಸಿಯೋಥೆರಪಿ ಬಿಟ್ಟು ಬರೀ ಕುದುರೆ ನೆಚ್ಚಿಕೊಂಡರೆ ಏನೂ ಉಳಿಯುವುದಿಲ್ಲ.

ಲೆಕ್ಕ ಇಡಿ. ತಿಂಗಳಿಗೊಮ್ಮೆ ಅದೇ ಸ್ಟೂಲು, ಅದೇ ಗೋಡೆ, ಅದೇ ಹೊತ್ತು, ಫೋನಿನಲ್ಲಿ ಒಂದು ವಿಡಿಯೋ. ಹಿಡಿಯದೆ ಎಷ್ಟು ಸೆಕೆಂಡು ಕೂತ? ಪ್ಯಾಂಟು ಹಾಕಲು ಒಬ್ಬರು ಸಾಕಾ? ನಮ್ಮ ಪುಸ್ತಕದಲ್ಲಿ ಮೊದಲ ತಿಂಗಳು "9 ಸೆಕೆಂಡು" ಅಂತಿದೆ, ನಾಲ್ಕನೆಯದರಲ್ಲಿ "50, ನಕ್ಕು ಬಿದ್ದ" ಅಂತಿದೆ. ಎಂಟು ಹತ್ತು ವಾರ ಕಳೆದರೂ ಏನೂ ಬದಲಾಗದಿದ್ದರೆ ಥೆರಪಿಸ್ಟ್ ಜೊತೆ ಕೂತು ಮುಂದುವರಿಸಬೇಕಾ ಅಂತ ನೇರವಾಗಿ ಮಾತಾಡಿ.

ಖರ್ಚಿನ ಮಾತು ಚಿಕ್ಕದಾಗಿ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ ಸೆರೆಬ್ರಲ್ ಪಾಲ್ಸಿ ಇರುವವರಿಗೂ ಇದೆ, ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ. ಅದರಲ್ಲಿ ಥೆರಪಿಗೂ ಒಂದು ಪಾಲು ಇರುತ್ತದೆ. ಆದರೆ ಕುದುರೆಯ ಶುಲ್ಕ ಅದರಿಂದ ಬರುತ್ತದೆ ಅಂತ ನಂಬಿ ಹೊರಡಬೇಡಿ, ಮೊದಲೇ ವಿಚಾರಿಸಿ. ದುಡ್ಡು ಹೊಂದದಿದ್ದರೆ ಸುತ್ತಿದ ಹಾಸಿಗೆ, ದೊಡ್ಡ ಗಾಳಿಚೆಂಡು, ಒಳ್ಳೆಯ ಫಿಸಿಯೋಥೆರಪಿಸ್ಟ್, ಇಷ್ಟರಲ್ಲೇ ಬಹಳ ಕೆಲಸ ಆಗುತ್ತದೆ. ಕುದುರೆ ಹತ್ತಿಸಲಿಲ್ಲ ಅಂತ ಯಾವ ತಾಯಿಯೂ ಕೊರಗಬೇಕಾಗಿಲ್ಲ.

ಇನ್ನೊಂದು ವಿಷಯ, ಇಳಿಸಿದ ಮೇಲಿನದು. ಮಕ್ಕಳಿಗೆ ಕುದುರೆಗೆ ಏನಾದರೂ ತಿನ್ನಿಸುವ ಆಸೆ. ಅಂಗೈ ಚಪ್ಪಟೆ ಮಾಡಿ ಕೊಡಬೇಕು ಅನ್ನುತ್ತಾರೆ. ಆದರೆ ನಮ್ಮ ಮಕ್ಕಳ ಮುಷ್ಟಿ ಬಿಗಿದೇ ಇರುತ್ತದೆ, ಬೆರಳು ಕ್ಯಾರೆಟ್ಟಿನ ಹಾಗೇ ಕಾಣುತ್ತದೆ ಅದಕ್ಕೆ. ಲಾಯದವರನ್ನು ಕೇಳಿ, ಅಗಲ ಬಟ್ಟಲಿನಲ್ಲಿ ಕ್ಯಾರೆಟ್ ಚೂರು ಹಾಕಿ, ಬಟ್ಟಲನ್ನು ಮಗುವಿನ ಎರಡೂ ಕೈಯಿಂದ ಹಿಡಿಸಿ. ಪುಟ್ಟ ಈಗ ಬಟ್ಟಲನ್ನು ಒಬ್ಬನೇ ಹಿಡಿಯುತ್ತಾನೆ. ಅರ್ಧ ಚೆಲ್ಲುತ್ತಾನೆ. ಕುದುರೆ ನೆಲದಿಂದ ಹೆಕ್ಕಿಕೊಳ್ಳುತ್ತದೆ. ಆಮೇಲೆ ಸೋಪು ಹಾಕಿ ಕೈ ತೊಳೆಸಿ, ಬಸ್ ಹತ್ತಿ.